ಹೆಸರು ಹೇಳದ ಸಾಕ್ಷಿ

ಹಾನಗಲ್ಲ, ೩ ಅಕ್ಟೋಬರ್ ೧೯೪೨, ಶನಿವಾರ

ಬೆಳಗಿನಿಂದ ಸಂಜೆಯವರೆಗೆ ಸುಳ್ಳನ್ನು ಇಂಗ್ಲಿಷಿಗೆ ತಿರುಗಿಸಿ ತಿರುಗಿಸಿ ನಾಲಗೆ ಕಹಿಯಾಗಿದೆ. ಹೊಲದ ಬದುವಿನ ಜಗಳ. ಸಾಲುಗಟ್ಟಿ ಬಂದ ಸಾಕ್ಷಿದಾರರು ಒಬ್ಬೊಬ್ಬರೂ ದೇವರಾಣೆ ಎಂದು ಕೈಮುಗಿದರು, ಒಬ್ಬೊಬ್ಬರೂ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು. ಒಬ್ಬನಂತೂ ಹೊರಗೆ ಹೋಗುವಾಗ ತನ್ನ ಸುಳ್ಳು ಇಂಗ್ಲಿಷಿನಲ್ಲಿ ಚೆನ್ನಾಗಿ ಬಂತೋ ಇಲ್ಲವೋ ಎಂದು ನನ್ನನ್ನೇ ವಿಚಾರಿಸಿದ. ಮೈಯೆಲ್ಲ ಉರಿಯಿತು. ಇಂಥವರ ಬಾಯಿ ನಾನು. ಖಟ್ಲೆ ಕೇಳುವ ಪ್ರಾಂತ ಸಾಹೇಬರ ಕಚೇರಿಯ ದುಭಾಷಿ ಪರಮೇಶ್ವರಪ್ಪ ಎಂದು ಹೇಳಿಕೊಳ್ಳಲು ಕೆಲವು ದಿನ ನಾಚಿಕೆಯಾಗುತ್ತದೆ.

ಸಮಾಧಾನ ಅಂದರೆ ಸಂಜೆ ಒಂದೇ. ಹೊಸ ಸಾಹೇಬರು ಮುಂಬೈ ಸೆಕ್ರೆಟರಿಯೇಟಿನ ಫ್ಯಾನಿನ ಕೆಳಗಿಂದ ನೇರ ಇಲ್ಲಿಗೆ ಬಂದವರು. ಹಳ್ಳಿ ಕಂಡವರಲ್ಲ, ಕನ್ನಡ ಬಾರದು, ಆದರೆ ಶಬ್ದಗಳ ಹುಚ್ಚು ಬಹಳ. ಕ್ಯಾಂಪಿನ ಕೆಲಸ ಮುಗಿದ ಮೇಲೆ ಬಂಗಲೆಯ ಪಡಸಾಲೆಯಲ್ಲಿ ಕೂತು ಒಂದು ಪ್ರಬಂಧ ಬರೆಯುತ್ತಾರೆ. ಸತ್ಯವಂತಿಕೆಗೆ ಇಂಗ್ಲಿಷಿನಲ್ಲಿ ಎಷ್ಟು ಶಬ್ದಗಳಿವೆ, ಒಂದೊಂದೂ ಎಲ್ಲಿ ಹುಟ್ಟಿತು, ಎಂಬುದು ವಿಷಯ. ಪುಣೆಯಲ್ಲಿ ಸಾಹೇಬರ ಮಂಡಳಿಯ ಮುಂದೆ ಓದುತ್ತಾರಂತೆ. ನಾನು ಸ್ಟೂಲಿನ ಮೇಲೆ ಕೂತು ಕೇಳುತ್ತೇನೆ.

ಇಂದು ‘ಸಿನ್ಸಿಯರ್’. ಶಾಲೆಯಲ್ಲಿ ಕಲಿತದ್ದನ್ನು ಹೆಮ್ಮೆಯಿಂದ ಹೇಳಿದೆ. ಹಿಂದೆ ರೋಮಿನ ಶಿಲ್ಪಿಗಳು ಮೂರ್ತಿಯ ಬಿರುಕಿಗೆ ಮೇಣ ತುಂಬಿ ಮೋಸ ಮಾಡುತ್ತಿದ್ದರು, ಮೇಣವಿಲ್ಲದ್ದು ಅಂದರೆ ‘ಸಿನ್ಸಿಯರ್’ ಎಂದೆ. ಸಾಹೇಬರು ನಕ್ಕರು. ಅದು ಪಂತೋಜಿಗಳು ಕಟ್ಟಿದ ಕಥೆ, ಆ ಶಬ್ದಕ್ಕೆ ಬೆರಕೆಯಿಲ್ಲದ್ದು ಎಂದಷ್ಟೇ ಅರ್ಥ, ಪ್ರಾಮಾಣಿಕತೆಯ ಶಬ್ದಕ್ಕೇ ಜನ ಸುಳ್ಳು ಕಥೆ ಹುಟ್ಟಿಸಿದ್ದಾರೆ ಎಂದರು. ನನಗೆ ಕಲಿಸಿದ ಮಾಸ್ತರರ ಮೇಲೆ ಇಷ್ಟು ವರ್ಷಕ್ಕೆ ಸಿಟ್ಟು ಬಂತು. ಸಾಹೇಬರು ತಮ್ಮ ಶಬ್ದಕೋಶ ಕೊಟ್ಟಿದ್ದಾರೆ. ಎರಡೂ ಕೈಯಲ್ಲಿ ಹೊರುವಷ್ಟು ಭಾರ.

೬ ಅಕ್ಟೋಬರ್, ಮಂಗಳವಾರ

ಬೈಸಿಕೊಂಡೆ, ಅದೂ ತುಂಬಿದ ಕಚೇರಿಯಲ್ಲಿ. ಅಜ್ಜಪ್ಪ ಎಂಬ ಸಾಕ್ಷಿಗೆ ವಯಸ್ಸು ಕೇಳಿದರೆ ಪ್ಲೇಗು ಬಂದಾಗ ತೊಟ್ಟಿಲಲ್ಲಿದ್ದೆ ಎಂದ. ನಾನು ಲೆಕ್ಕ ಹಾಕಿ ಸುಮಾರು ನಲವತ್ತನಾಲ್ಕು ಎಂದೆ. ಅವನು ನಿಜವಾಗಿ ಯಾವ ಅಂಕಿ ಹೇಳಿದ ಎಂದು ಸಾಹೇಬರು ಕೇಳಿದರು. ಯಾವುದೂ ಹೇಳಲಿಲ್ಲ ಎನ್ನಬೇಕಾಯಿತು. ಆಗ ಅವರು ದುಭಾಷಿ ಅಂದರೆ ನೀರಿನ ಕೊಳವೆ, ನೀರಿಗೆ ಕೊಳವೆಯ ರುಚಿ ಬರಬಾರದು ಎಂದರು. ಪಕ್ಕದಲ್ಲಿದ್ದ ಪೊಲೀಸ್ ಫೌಜದಾರ ಮೀಸೆಯಡಿ ನಕ್ಕ. ಅಜ್ಜಪ್ಪನಿಗೆ ಒಂದು ಅಂಕಿ ಹೇಳಲು ಏನು ರೋಗ?

ಸಂಜೆ ‘ಟ್ರೂ’ ಶಬ್ದ. ಅದರ ಬೇರು ಗಟ್ಟಿಯಾಗಿ ನಿಂತದ್ದು ಎಂಬ ಅರ್ಥದ್ದಂತೆ. ಮರಕ್ಕೆ ಅವರು ಹೇಳುವ ‘ಟ್ರೀ’, ನಮ್ಮ ಸಂಸ್ಕೃತದ ‘ದಾರು’, ಎಲ್ಲಕ್ಕೂ ಅದೇ ಬೇರು. ‘ಟ್ರೂ’ ಅಂದರೆ ಮೊದಲು ನಡೆದ ಸಂಗತಿ ಎಂದಲ್ಲ, ಮಾತು ಕೊಟ್ಟವರಿಗೆ ನಿಷ್ಠನಾಗಿ ಅಲುಗದೆ ನಿಂತವನು ಎಂದು. ಮದುವೆಯ ನಿಶ್ಚಯಕ್ಕೆ ಅವರು ಹೇಳುವ ಶಬ್ದವೂ ಅದರಿಂದಲೇ ಬಂದಿದೆ. ನನಗೆ ಬಹಳ ಹಿಡಿಸಿತು. ದುಭಾಷಿಯ ಪ್ರಮಾಣವಚನದಲ್ಲಿ ಇದೇ ಶಬ್ದವಿದೆ. ಇನ್ನು ಮೇಲೆ ಆಡಿದ್ದಕ್ಕೆ ಒಂದಕ್ಷರ ಕೂಡಿಸುವುದಿಲ್ಲ, ಒಂದಕ್ಷರ ಕಳೆಯುವುದಿಲ್ಲ.

೮ ಅಕ್ಟೋಬರ್, ಗುರುವಾರ

ಸಿಟ್ಟು ಇಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಳೆದ ತಿಂಗಳು ಆಡೂರ ರಸ್ತೆಯಲ್ಲಿ ಟಪಾಲು ಖಾತೆಯ ತಂತಿ ಕತ್ತರಿಸಿದ ಖಟ್ಲೆ. ಆರೋಪಿ ಕರಿಬಸಪ್ಪ, ಬಾಡಿಗೆ ಬಂಡಿ ಹೊಡೆಯುವ ಹರೆಯದವ. ಅವತ್ತು ತಾನು ಆಡೂರಿನಲ್ಲೇ ಇರಲಿಲ್ಲ, ಎತ್ತಿನ ಕಾಲು ಉಳುಕಿ ಅತ್ತ ಹಿರೇಕೆರೂರ ಕಡೆ ಅಬಲೂರಿನಲ್ಲಿ ದೊಡ್ಡಪ್ಪನ ಮಗನ ಮನೆಯಲ್ಲಿ ಉಳಿದಿದ್ದೆ ಎನ್ನುತ್ತಾನೆ. ಅವನ ಪರ ವಕೀಲರಿಲ್ಲ. ವಕೀಲರಲ್ಲಿ ಕೆಲವರು ಚಳವಳಿ ಸೇರಿ ಜೈಲಿನಲ್ಲಿದ್ದಾರೆ, ಉಳಿದವರು ಹೆದರಿ ಮನೆ ಹಿಡಿದಿದ್ದಾರೆ. ಅವನನ್ನು ಜೈಲಿನಿಂದ ಉಳಿಸುವ ಸಾಕ್ಷಿ ಒಬ್ಬಳೇ, ಆ ಅಣ್ಣನ ಹೆಂಡತಿ ವೀರವ್ವ. ಗಂಡ ಆ ಹೊತ್ತು ವೀಳ್ಯದೆಲೆ ತರಲು ಸವಣೂರಿಗೆ ಹೋಗಿದ್ದ. ಕೋರ್ಟಿಗೆ ಬಂದರೆ ತನ್ನನ್ನೂ ಹಿಡಿಯುತ್ತಾರೆಂದು ಈಗ ಅತ್ತಲೇ ಉಳಿದಿದ್ದಾನೆ.

ಆ ಹೆಂಗಸು ಮೊದಮೊದಲು ಚೆನ್ನಾಗಿಯೇ ಹೇಳಿದಳು. ಮೈದುನ ದೀಪ ಹಚ್ಚುವ ಹೊತ್ತಿಗೆ ಬಂದ, ಎತ್ತಿನ ಕಾಲಿಗೆ ತಾನೇ ಅರಿಸಿನ ಕಾಸಿ ಹಚ್ಚಿದೆ, ರೊಟ್ಟಿ ಉಂಡು ಮಲಗಿದ, ಬೆಳಗಾದ ಮೇಲೆ ಹೋದ. ಆಗ ಸರಕಾರದ ಪರ ಖಟ್ಲೆ ನಡೆಸುವ ಫೌಜದಾರ ಎದ್ದ. ಆ ಮೈದುನನ ಹೆಸರೇನು ಎಂದು ಕೇಳಿದ. ಆಕೆ ಕಟಕಟೆಯ ಕಡೆ ಕೈ ಮಾಡಿದಳು. ಬೇಡಿ ಹಾಕಿಸಿಕೊಂಡು ನಿಂತವನ ಕಡೆ ಯಾರು ಬೇಕಾದರೂ ಕೈ ಮಾಡುತ್ತಾರೆ, ಮನೆಯಲ್ಲಿ ಉಂಡು ಮಲಗಿದವನ ಹೆಸರು ಗೊತ್ತಿಲ್ಲವೇ ಎಂದ. ಮೂರು ಸಲ ಕೇಳಿದರು. ಮೂರು ಸಲವೂ ಆಕೆ ಸೆರಗು ಎಳೆದುಕೊಂಡು ನೆಲ ನೋಡುತ್ತ ನಿಂತಳು. ಏನಂತಾಳೆ ಎಂದು ಸಾಹೇಬರು ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ ಎಂದೆ. ‘ಉತ್ತರವಿಲ್ಲ’ ಎಂದು ಬರೆದುಕೊಂಡರು.

ಅಣ್ಣತಮ್ಮ ಇಬ್ಬರಿಗೂ ಅಜ್ಜನ ಹೆಸರಿಟ್ಟಿದ್ದಾರೆ. ಸಮನ್ಸಿನಲ್ಲಿ ‘ಕರಿಬಸಪ್ಪನ ಹೆಂಡತಿ ವೀರವ್ವ’ ಎಂದು ಬರೆದವನೇ ನಾನು. ಗಂಡನ ಹೆಸರು ಬಾಯಿಂದ ತೆಗೆಯಬಾರದಲ್ಲ, ಅದಕ್ಕೇ ಈ ಮೌನ. ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಿದ್ದಾನೆ, ಇವಳಿಗೆ ರೂಢಿ ದೊಡ್ಡದಾಯಿತು. ಫೌಜದಾರನಿಗೆ ಇದು ಗೊತ್ತಿತ್ತು, ಬೇಕಂತಲೇ ಕೇಳಿದ. ಬಾಗಿಲಲ್ಲಿ ನಿಂತ ಪಟ್ಟೇವಾಲಾ ಬಾಬಾಜಾನನಿಗೂ ಗೊತ್ತಿತ್ತು. ಗೊತ್ತಿಲ್ಲದವರು ಇಡೀ ಕಚೇರಿಯಲ್ಲಿ ಸಾಹೇಬರೊಬ್ಬರೇ. ಬಾಬಾಜಾನ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದ. ಯಾಕೆ ನೋಡಬೇಕು? ಆಡಿದ ಮಾತನ್ನು ತಿರುಗಿಸುವುದು ನನ್ನ ಕೆಲಸ. ಆಡದ ಮಾತನ್ನು ಎಲ್ಲಿಂದ ತಿರುಗಿಸಲಿ?

೯ ಅಕ್ಟೋಬರ್, ಶುಕ್ರವಾರ

ಸಂಜೆ ‘ಕ್ಯಾಂಡಿಡ್’, ಅಂದರೆ ಮುಚ್ಚುಮರೆಯಿಲ್ಲದವ. ಬಿಳಿದು ಎಂದು ಮೂಲ ಅರ್ಥ. ರೋಮಿನಲ್ಲಿ ಅಧಿಕಾರ ಬೇಡುವವರು ಬಿಳಿ ಬಟ್ಟೆ ಉಟ್ಟು ಜನರ ಮುಂದೆ ಬರುತ್ತಿದ್ದರಂತೆ. ಮನಸ್ಸಿಲ್ಲದೆ ಕೇಳಿದೆ.

ಸಾಹೇಬರು ಪ್ರಬಂಧಕ್ಕೆ ಒಂದು ಅಡಿಟಿಪ್ಪಣಿ ಸೇರಿಸಿದ್ದಾರೆ. ಓದಿ ತೋರಿಸಿದರು. ಸತ್ಯಕ್ಕೆ ಶಬ್ದಗಳು ಕಡಿಮೆಯಿರುವ ಜನರಲ್ಲಿ ಸುಳ್ಳು ಹೇಳಲು ಮಾತೂ ಬೇಕಿಲ್ಲ, ಈ ಜಿಲ್ಲೆಯ ಒಬ್ಬ ರೈತ ಹೆಂಗಸು ಮೌನದಿಂದಲೇ ಸುಳ್ಳು ಹೇಳಿದ್ದನ್ನು ನಾನು ಕಂಡಿದ್ದೇನೆ ಎಂದು ಬರೆದಿದ್ದಾರೆ. ಹೇಗಿದೆ ಎಂದು ಕೇಳಿದರು.

ಚೆನ್ನಾಗಿದೆ ಎಂದೆ. ಖೋಲಿಗೆ ಬಂದರೆ ಸಾರಿಗೆ ಉಪ್ಪಿಲ್ಲ. ಗಂಗಾಳವನ್ನು ಗೋಡೆಗೆ ಎಸೆದೆ.

ಶಿಗ್ಗಾಂವಿ, ೧೧ ಅಕ್ಟೋಬರ್, ರವಿವಾರ

ಇದ್ದಿಲು ಗ್ಯಾಸಿನ ಮೋಟಾರಿನಲ್ಲಿ ಮನೆಗೆ ಬರುವಷ್ಟರಲ್ಲಿ ಮುಖ ಕಪ್ಪು, ಮನಸ್ಸೂ ಕಪ್ಪು. ಸುದ್ದಿ ನನಗಿಂತ ಮೊದಲೇ ಬಂದು ಮುಟ್ಟಿತ್ತು. ಸರೋಜವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಕೇಳಿದಳು.

‘ಆಕಿ ಯಾಕ ಹೇಳಲಿಲ್ಲ ಅಂತ ನಿಮಗ ಗೊತ್ತಿತ್ತಲ್ರಿ?’

ಗೊತ್ತಿತ್ತು ಎಂದೆ.

‘ಮತ್ತ ನೀವ್ಯಾಕ ಹೇಳಲಿಲ್ರಿ?’

ಹೆಂಡತಿಗೆ ಕಚೇರಿಯ ಕಾಯಿದೆ ಏನು ಗೊತ್ತು? ಕೊಳವೆಯ ಮಾತು, ಪ್ರಮಾಣವಚನದ ಮಾತು ಎಲ್ಲ ಹೇಳಿದೆ. ದನಿ ಏರಿತು, ಓಣಿಯವರಿಗೆ ಕೇಳಿಸಿರಬೇಕು. ನಿಮ್ಮಂಥ ಹೆಂಗಸರ ಹಟದಿಂದಲೇ ಗಂಡಸರು ಜೈಲಿಗೆ ಹೋಗುತ್ತಾರೆ ಎಂದೆ. ಎಲ್ಲಿ, ಈಗ ನನ್ನ ಹೆಸರು ಹೇಳು ನೋಡೋಣ ಎಂದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಬಾಯಿಬಿಟ್ಟಳು.

‘ಹಂಗ ಕೇಳಿದ್ರ ಯಾರ ಹೇಳ್ತಾರ್ರಿ? ಲಗ್ನದಾಗ ನಿಮ್ಮ ಅಕ್ಕಾರು ಹೊಸ್ತಿಲಕ್ಕ ಅಡ್ಡ ನಿಂತು ಕೇಳಿದ್ರು, ಒಡಪ ಹಾಕಿ ಹೇಳಿದ್ನಲ್ಲ. ಆಕೀನೂ ಕೇಳೋ ಹಂಗ ಕೇಳಿದ್ರ ಹೇಳತಿದ್ಲು.’

ಹೌದು, ಒಡಪ. ಎರಡು ಸಾಲು ಪದ ಕಟ್ಟಿ, ಅದರೊಳಗೆ ಗಂಡನ ಹೆಸರು ಕೂಡಿಸಿ ಹೇಳುವುದು. ಹಾಗೆ ಹೇಳಿದರೆ ತಪ್ಪಿಲ್ಲ, ನಾಚಿಕೆಯೂ ಇಲ್ಲ. ನಮ್ಮ ಪ್ರತಿಯೊಂದು ಮದುವೆಯಲ್ಲೂ ಕೇಳಿದ್ದೇನೆ, ಆದರೂ ತಲೆಗೆ ಹೊಳೆಯಲಿಲ್ಲ. ಸರೋಜವ್ವ ಅವತ್ತು ಹೇಳಿದ ಒಡಪ ಏನೆಂದು ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಕೇಳಿದರೆ ಅವಳು ಹೇಳಲಿಲ್ಲ. ಅದಕ್ಕೂ ಸಿಟ್ಟು ಬಂತು, ಉಣ್ಣದೆ ಎದ್ದೆ.

ಹಾನಗಲ್ಲ, ೧೩ ಅಕ್ಟೋಬರ್, ಮಂಗಳವಾರ

ಶಬ್ದಕೋಶ ಬಿಚ್ಚಿದರೆ ಈಗ ಜಗಳಕ್ಕೇ ಬರುತ್ತದೆ. ‘ಫ್ರ್ಯಾಂಕ್’ ಅಂದರೆ ಮನಬಿಚ್ಚಿ ಮಾತಾಡುವವ. ಅದು ಒಂದು ಕುಲದ ಹೆಸರಂತೆ. ಗೆದ್ದು ಆಳುತ್ತಿದ್ದ ಕುಲ, ಅವರಷ್ಟೇ ಪೂರ್ತಿ ಸ್ವತಂತ್ರರು, ಅದಕ್ಕೇ ಆ ಅರ್ಥ ಬಂತು. ಆಳುವವನಿಗೆ ಮನಬಿಚ್ಚಿ ಮಾತಾಡಲು ಏನು ಧಾಡಿ? ‘ಆನೆಸ್ಟ್’ ಅಂದರೆ ಮೂಲದಲ್ಲಿ ಮರ್ಯಾದಸ್ಥ. ಮರ್ಯಾದೆ ಯಾರದು ಎಂದು ಯಾರು ಗೊತ್ತುಮಾಡುತ್ತಾರೆ? ಆಮೇಲೆ ‘ಸೂತ್’ ಎಂಬ ಹಳೆಯ ಶಬ್ದ ಸಿಕ್ಕಿತು. ಸತ್ಯ ಎಂದೇ ಅರ್ಥ. ಅದರ ಬೇರು, ಇರುವುದು. ಇದ್ದದ್ದು ಇದ್ದ ಹಾಗೆ. ನಮ್ಮ ‘ಸತ್ಯ’ದ ಬೇರೂ ಅದೇ, ಎರಡೂ ಅಕ್ಕತಂಗಿ ಶಬ್ದಗಳು. ಇಂಗ್ಲಿಷರು ಅದನ್ನು ಎಂದೋ ಬಿಟ್ಟುಬಿಟ್ಟರಂತೆ. ಈಗ ಅದು ಉಳಿದಿರುವುದು ಕಣಿ ಹೇಳುವವನ ಹೆಸರಿನಲ್ಲಿ ಮಾತ್ರ. ಇದ್ದದ್ದು ಇದ್ದ ಹಾಗೆ ಎಂಬ ಶಬ್ದವನ್ನು ಬಿಟ್ಟು, ನಿಷ್ಠೆ ಎಂಬ ಶಬ್ದವನ್ನು ಇಟ್ಟುಕೊಂಡರು. ನಾನೂ ಅದನ್ನೇ ಕುತ್ತಿಗೆಗೆ ಕಟ್ಟಿಕೊಂಡು ತಿರುಗಿದೆ.

ಸಂಜೆ ಸಾಹೇಬರಿಗೆ ‘ಸೂತ್’ ತೋರಿಸಿದೆ. ಕುಣಿಯುವುದೊಂದು ಬಾಕಿ. ಅದೇ ಸಮಯ ನೋಡಿ ವೀರವ್ವನ ಮಾತು ತೆಗೆದೆ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಆರೋಪಿಯದೂ ಅದೇ ಹೆಸರು ಎಂದೆ. ಅವರ ಮುಖ ಗಂಟಾಯಿತು. ಅದು ನಿನ್ನ ಹೇಳಿಕೆ, ನೀನು ಸಾಕ್ಷಿಯಲ್ಲ, ಆಕೆಯ ಬಾಯಿಂದ ಬರದಿದ್ದರೆ ನನಗೆ ಲೆಕ್ಕಕ್ಕಿಲ್ಲ ಎಂದರು. ಹಾಗಾದರೆ ಇನ್ನೊಮ್ಮೆ ಕರೆಸಿರಿ ಎಂದೆ. ಸಾಕ್ಷ್ಯ ಮುಗಿದಿದೆ ಎಂದರು. ನನಗೆ ತಡೆಯಲಾಗಲಿಲ್ಲ. ಆಕೆಯನ್ನು ಕೇಳದಿದ್ದರೆ ನಿಮ್ಮ ಅಡಿಟಿಪ್ಪಣಿ ಸುಳ್ಳು, ಪುಣೆಯಲ್ಲಿ ನಮ್ಮ ಕಡೆ ಕೆಲಸ ಮಾಡಿದ ಒಬ್ಬ ಸಾಹೇಬರು ಇದ್ದರೂ ಸಾಕು, ಎದುರೇ ನಗುತ್ತಾರೆ ಎಂದೆ.

ಆಗ ಅಲುಗಿದರು. ಒಬ್ಬ ಬಂಡಿಯವನ ಜೈಲಿಗೆ ಅಲುಗದವರು ಒಂದು ಅಡಿಟಿಪ್ಪಣಿಗೆ ಅಲುಗಿದರು. ಶುಕ್ರವಾರ ಆಕೆಯನ್ನು ಮತ್ತೆ ಕರೆಸಲು ಹುಕುಂ ಆಗಿದೆ. ಪ್ರಶ್ನೆ ಅವರೇ ಕೇಳುತ್ತಾರಂತೆ, ನಾನು ಒಂದು ಶಬ್ದ ಕೂಡಿಸಬಾರದಂತೆ.

೧೬ ಅಕ್ಟೋಬರ್, ಶುಕ್ರವಾರ

ವೀರವ್ವ ಬಂಡಿಯಲ್ಲಿ ಬಂದಳು, ಜೊತೆಗೆ ಊರಿನ ನಾಲ್ಕಾರು ಹೆಂಗಸರು. ಅವರನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಹೊರಗೆ ನಿಂತರು.

ಅಂದು ನಿನ್ನ ಮನೆಯಲ್ಲಿ ಉಳಿದವನ ಹೆಸರೇನು ಎಂದು ಸಾಹೇಬರು ಕೇಳಿದರು. ಅಷ್ಟನ್ನೇ ತಿರುಗಿಸಿದೆ. ವೀರವ್ವ ಮತ್ತೆ ನೆಲ ನೋಡಿದಳು. ಫೌಜದಾರ ಕುರ್ಚಿಗೆ ಒರಗಿ ಕೂತ. ಕಟಕಟೆಯಲ್ಲಿ ಕರಿಬಸಪ್ಪ ಕಣ್ಣು ಮುಚ್ಚಿಕೊಂಡ. ಸಾಹೇಬರು ಬರೆಯಲು ಪೆನ್ನು ಎತ್ತಿದ್ದನ್ನು ಕಂಡೆ.

‘ಯವ್ವಾ, ಹೊಸ್ತಿಲ ಮ್ಯಾಲ ನಿಂತೀ ಅಂತ ತಿಳಿ. ಒಡಪ ಹಾಕಿ ಹೇಳಿಬಿಡು’ ಎಂದೆ.

ಆಕೆ ಮೊದಲ ಸಲ ತಲೆ ಎತ್ತಿದಳು. ಕಿಟಕಿಯ ಕಡೆ ನೋಡಿದಳು, ಹೊರಗಿನವರಲ್ಲಿ ಒಬ್ಬ ಮುದುಕಿ ಗೋಣು ಆಡಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, ಮದುಮಗಳು ಹೇಳುವ ರಾಗದಲ್ಲೇ ಹೇಳಿದಳು.

‘ಸವಣೂರ ಎಲಿಗೆ ಸುಣ್ಣ ಸವರಿ ಮಡಚೇನಿ,
ಕರಿಬಸಪ್ಪನವರ ಹೆಸರ ಹೇಳಾಕ ಬಾಯಿ ಬಿಚ್ಚೇನಿ.’

ರಾಗ ನಿಂತಿತು. ‘ಅವರ ಹೆಸರ ಈ ಮೈದುನಗೂ ಐತ್ರಿ. ಅವತ್ತ ನಮ್ಮ ಮನ್ಯಾಗ ಇದ್ದಾಂವ ಇವನ ನೋಡ್ರಿ.’

ಕಿಟಕಿಯ ಹೊರಗೆ ಯಾರೋ ಬಿಕ್ಕಿದ್ದು ಕೇಳಿಸಿತು. ಬಾಬಾಜಾನ ಮುಖ ಆಚೆ ತಿರುಗಿಸಿದ. ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರ ಮುಖ ಅರಳಿತು. ಇನ್ನೊಮ್ಮೆ ಹೇಳಿಸಿ, ತಮ್ಮ ಸ್ವಂತದ ಹಾಳೆಯಲ್ಲಿ ಒಡಪವನ್ನು ಉಚ್ಚಾರವಿದ್ದ ಹಾಗೆ ಗೀಚಿಕೊಂಡರು.

ಆಗ ಫೌಜದಾರ ಎದ್ದು, ದುಭಾಷಿ ಪ್ರಶ್ನೆಗಿಂತ ಹೆಚ್ಚು ಮಾತಾಡಿದ್ದಾನೆ, ಸಾಕ್ಷಿಗೆ ಹೇಳಿಕೊಟ್ಟಿದ್ದಾನೆ ಎಂದ. ನೀನು ಏನು ಹೇಳಿದೆ ಎಂದು ಸಾಹೇಬರು ನನ್ನನ್ನು ಕೇಳಿದರು. ಪ್ರಶ್ನೆಯನ್ನೇ ಬಿಡಿಸಿ ಕೇಳಿದೆ ಎಂದಿದ್ದರೆ ಮುಗಿಯುತ್ತಿತ್ತು. ಸಾಹೇಬರಿಗೂ ಅದೇ ಬೇಕಿತ್ತು ಎಂದು ಅವರ ಕಣ್ಣೇ ಹೇಳುತ್ತಿತ್ತು. ನಾನು ಆಡಿದ್ದನ್ನು ಅಕ್ಷರ ಬಿಡದೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

೧೭ ಅಕ್ಟೋಬರ್, ಶನಿವಾರ

ಕರಿಬಸಪ್ಪನಿಗೆ ಒಂದು ವರ್ಷ ಸಕ್ತ ಮಜೂರಿ ಶಿಕ್ಷೆ. ಎರಡನೆಯ ಸಲದ ಸಾಕ್ಷ್ಯ ದುಭಾಷಿ ಹೇಳಿಕೊಟ್ಟದ್ದು, ಆದ್ದರಿಂದ ಲೆಕ್ಕಕ್ಕಿಲ್ಲ. ಮೊದಲನೆಯ ಸಲದ ‘ಉತ್ತರವಿಲ್ಲ’ ಅಷ್ಟೇ ಲೆಕ್ಕಕ್ಕೆ. ಈ ತೀರ್ಪನ್ನು ಕಟಕಟೆಯಲ್ಲಿದ್ದವನಿಗೆ ಕನ್ನಡದಲ್ಲಿ ತಿಳಿಸುವ ಕೆಲಸವೂ ನನ್ನದೇ. ತಿಳಿಸಿದೆ.

ನಾನು ಸುಳ್ಳು ಹೇಳಿದ್ದರೆ ಅವನು ಇವತ್ತು ಮನೆಯಲ್ಲಿರುತ್ತಿದ್ದ. ಈ ಸಾಲನ್ನು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ವೀರವ್ವ ಬಂಡಿಯ ಹತ್ತಿರ ನಿಂತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ‘ನೀವು ಕೇಳಿದ್ರಿ, ನಾ ಹೇಳಿದೆ. ಮತ್ತ ಯಾಕ ಒಯ್ದ್ರು ಅವನ್ನ?’ ಎಂದು ಕೇಳಿದಳು. ಇಂಗ್ಲಿಷಿನಲ್ಲಾದರೆ ಕಾರಣವಿದೆ, ಕಲಮಿನ ಸಂಖ್ಯೆಯೂ ಇದೆ. ಕನ್ನಡದಲ್ಲಿ ಹೇಳಲು ಹೋದೆ, ಆಗಲಿಲ್ಲ. ಧಾರವಾಡಕ್ಕೆ ಅಪೀಲು ಹಾಕಬೇಕು ಎಂದಷ್ಟು ಹೇಳಿದೆ.

೧೯ ಅಕ್ಟೋಬರ್, ಸೋಮವಾರ, ದಸರೆ

ನಾಳೆ ನಸುಕಿನಲ್ಲೇ ಅಬಲೂರಿಗೆ ಬಂಡಿ ಗೊತ್ತುಮಾಡಿದ್ದೇನೆ. ವೀರವ್ವನನ್ನೂ, ದಾರಿಯಲ್ಲಿ ಸವಣೂರಿನಿಂದ ಅವಳ ಗಂಡನನ್ನೂ ಕರೆದುಕೊಂಡು ಧಾರವಾಡಕ್ಕೆ ಹೋಗಬೇಕು. ಆಕೆ ಮೊದಲ ಸಲ ಯಾಕೆ ಸುಮ್ಮನಿದ್ದಳು, ನಾನು ಯಾಕೆ ಸುಮ್ಮನಿದ್ದೆ, ಎರಡನ್ನೂ ಅಪೀಲಿನಲ್ಲಿ ಬರೆಸಬೇಕು, ಕೆಳಗೆ ನನ್ನ ಹೆಸರು ಹಾಕಬೇಕು. ಕೆಲಸ ಹೋಗುತ್ತದೆ. ಸರೋಜವ್ವನಿಗೆ ಹೇಳಿ ಕಳಿಸಿದ್ದೆ. ಬುತ್ತಿ ಕಟ್ಟಿ ಕಳಿಸಿದ್ದಾಳೆ.

ಇವತ್ತಿನದನ್ನೂ ಬರೆದಿಡುತ್ತೇನೆ. ವರ್ಷದ ರೂಢಿಯಂತೆ ಕಚೇರಿಯವರೆಲ್ಲ ಸಾಹೇಬರಿಗೆ ಬನ್ನಿ ಕೊಡಲು ಬಂಗಲೆಗೆ ಹೋದೆವು. ಒಬ್ಬೊಬ್ಬರೂ ಬನ್ನಿ ಎಲೆ ಕೈಗಿಟ್ಟು, ಬಂಗಾರದ ಹಾಗೆ ಇರೋಣ ಎಂದರು. ಫೌಜದಾರ ಎಲ್ಲರಿಗಿಂತ ಮೊದಲು ಕೊಟ್ಟ. ನಾನು ಶಬ್ದಕೋಶವನ್ನು ಮೇಜಿನ ಮೇಲಿಟ್ಟೆ. ಸಾಹೇಬರು ಬಹಳ ಖುಷಿಯಲ್ಲಿದ್ದರು. ನನ್ನ ತಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡಿಲ್ಲವಂತೆ. ಪ್ರಬಂಧ ಮುಗಿದಿದೆ, ಹಳೆಯ ಅಡಿಟಿಪ್ಪಣಿ ತೆಗೆದಿದ್ದಾರೆ, ಅಲ್ಲಿ ಆ ಹೆಂಗಸಿನ ಚೆಂದದ ಪದ ಹಾಕುತ್ತಾರಂತೆ. ಪುಣೆಯವರು ಕೇಳಿ ಮೆಚ್ಚುತ್ತಾರಂತೆ. ಒಂದೇ ಬಾಕಿ, ಎರಡು ಸಾಲಿನ ಸರಿಯಾದ ಅರ್ಥ ಬೇಕು, ಅವಸರದಲ್ಲಿ ಬರೆದುಕೊಂಡದ್ದು ಕಲೆಸಿಹೋಗಿದೆ. ಹಾಳೆ ಮುಂದಿಟ್ಟುಕೊಂಡು, ಹೇಳು ಎಂದರು.

ಮರೆತೆಯಾ ಎಂದು ಕೇಳಿದರು. ಮರೆತಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಮೂರನೆಯ ಸಲ ಕೇಳುವಾಗ ಅವರ ದನಿ ಕಚೇರಿಯ ದನಿಯಾಗಿತ್ತು. ಪಡಸಾಲೆಯ ನೆಲಕ್ಕೆ ಕರಿಯ ಕಲ್ಲು ಹಾಸಿದ್ದಾರೆ, ನಡುವಿನ ಒಂದು ಕಲ್ಲು ಸೀಳಿದೆ, ಇಷ್ಟು ದಿನ ನಾನು ಅದನ್ನು ನೋಡಿರಲಿಲ್ಲ.

ಸಾಹೇಬರು ಹಾಳೆಯ ಮೇಲೆ ಏನೋ ಬರೆದು ಪೆನ್ನು ಮುಚ್ಚಿದರು. ಬನ್ನಿ ನನ್ನ ಕೈಯಲ್ಲೇ ಉಳಿಯಿತು. ನಾಳೆ ವೀರವ್ವನಿಗೆ ಕೊಡುತ್ತೇನೆ.